ನಮ್ಮ ರೀಫಂಡ್ ಯಾಕೆ ಲೇಟಾಯಿತು

ಕೆಲವರ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ, ಕೆಲವರ ಮನೆಗೆ ಇರುವೆ. ನಮ್ಮ ಮನೆಗೆ ಬರುವುದು ಎಡವಟ್ಟುಗಳು. ಅವೂ ಒಂದೊಂದೇ ಬರುವುದಿಲ್ಲ, ಒಂದರ ಸೆರಗು ಹಿಡಿದುಕೊಂಡು ಇನ್ನೊಂದು ಬರುತ್ತದೆ.

ಮಾರೇನಹಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮೂರು ವರ್ಷದ ಮಗಳು. ಯಜಮಾನರಿಗೆ ರಾಜಾಜಿನಗರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್ ಕೆಲಸ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಫಾಲ್ ಹಚ್ಚಿದ ಮೇಲೆ ಸೆರಗಿನ ಅಂಚಿಗೆ ಜಿಗ್‌ಜಾಗ್ ಹೊಡೆಯಬೇಕು. ಅದಕ್ಕೆ ಬೇರೆ ಮಷೀನು ಬೇಕು, ನನ್ನ ಹತ್ತಿರ ಇರಲಿಲ್ಲ. ಸೀರೆಗಳನ್ನು ಚೀಲಕ್ಕೆ ತುಂಬಿ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ವಿಜಯನಗರ ಮಾರ್ಕೆಟ್ ಹತ್ತಿರದ ಒಂದು ಅಂಗಡಿಗೆ ಹೋಗಿ ಹೊಡೆಸಿಕೊಂಡು ಬರುತ್ತಿದ್ದೆ. ಕೈ ನೋಯಿಸಿಕೊಂಡವಳು ನಾನು, ಅರ್ಧ ದುಡ್ಡು ಆ ಅಂಗಡಿಯವನಿಗೆ.

ಆ ವರ್ಷ ಫ್ಯಾಕ್ಟರಿಯವರು ಯಜಮಾನರ ಸಂಬಳದಲ್ಲಿ ಒಂಬತ್ತು ಸಾವಿರ ಚಿಲ್ಲರೆ ಟ್ಯಾಕ್ಸ್ ಹಿಡಿದರು. ನ್ಯಾಯವಾಗಿ ಒಂದು ರೂಪಾಯಿಯನ್ನೂ ಹಿಡಿಯಬೇಕಾಗಿರಲಿಲ್ಲ. "ಎಲ್ಲಾ ವಾಪಸ್ ಬರುತ್ತೆ ಕಣೇ. ರೀಫಂಡ್ ಬಂದ ದಿನವೇ ನಿನ್ ಮಷೀನು," ಎಂದು ಅವರು ಮಾತು ಕೊಟ್ಟರು. ಆ ಮಷೀನು ಬರುವಷ್ಟರಲ್ಲಿ ನಾನು ಒಬ್ಬರ ಮೇಲಲ್ಲ, ಇಡೀ ಬೀದಿಯ ಮೇಲೆ ಅನುಮಾನಪಟ್ಟಾಗಿತ್ತು. ಅನುಮಾನ ನನಗೆ ಕಾಯಿಲೆ ಅಲ್ಲ, ಅನುಭವ.

ಆರು ರಸೀತಿ, ಆರು ಸೈನು

ಜನವರಿಯಲ್ಲೇ ಅಕೌಂಟ್ಸಿನವರು ಹೇಳಿದ್ದರು: ಇನ್ಶೂರೆನ್ಸ್ ಕಟ್ಟಿದ ರಸೀತಿ, ಬಾಡಿಗೆ ರಸೀತಿ ತಂದುಕೊಡಿ, ಇಲ್ಲದಿದ್ದರೆ ಸಂಬಳದಲ್ಲಿ ಟ್ಯಾಕ್ಸ್ ಹಿಡಿಯುತ್ತೇವೆ. ಇನ್ಶೂರೆನ್ಸ್ ರಸೀತಿಯನ್ನು ನಮ್ಮ ಯಜಮಾನರು ಭದ್ರವಾಗಿ ಇಟ್ಟಿದ್ದರು. ನಮ್ಮ ಮನೆಯಲ್ಲಿ ಭದ್ರವಾಗಿ ಇಟ್ಟಿದ್ದು ಅಂದರೆ ಇನ್ನು ಸಿಗುವುದಿಲ್ಲ ಎಂದರ್ಥ. ಯುಗಾದಿಗೆ ಅತ್ತೆ ಹೊಸ ಪಂಚಾಂಗ ತರಿಸಿ ಹಳೆಯದನ್ನು ಕೊಡವಿದಾಗ ಒಳಗಿಂದ ರಸೀತಿ ಉದುರಿತು. ಅಷ್ಟರಲ್ಲಿ ಟ್ಯಾಕ್ಸ್ ಹಿಡಿದಾಗಿತ್ತು.

ಬಾಡಿಗೆ ರಸೀತಿಯ ಕಥೆ ಇನ್ನೊಂದು. ನಮ್ಮ ಓನರ್ ಹಳೇ ಮಾರೇನಹಳ್ಳಿಯವರು. ಅವರ ಅಪ್ಪ ರಾಗಿ ಬೆಳೆದ ಜಾಗದಲ್ಲಿ ಅವರು ಐದು ಬಾಡಿಗೆ ಮನೆ ಬೆಳೆದಿದ್ದಾರೆ. ರಸೀತಿ ಎಂದ ಕೂಡಲೇ ಅವರ ಕಣ್ಣು ಸಣ್ಣಗಾಯಿತು.

"ರಸೀತಿ ಯಾಕಮ್ಮ? ಬಾಡಿಗೆ ಬಂದಿಲ್ಲ ಅಂತ ನಾನೇನಾದ್ರೂ ಅಂದಿದೀನಾ?"

"ಫ್ಯಾಕ್ಟರಿಗೆ ಕೊಡ್ಬೇಕಂತೆ ಅಂಕಲ್."

"ಫ್ಯಾಕ್ಟರಿಗೂ ನನ್ ಮನೆಗೂ ಏನ್ ಸಂಬಂಧ? ಇವತ್ತು ಫ್ಯಾಕ್ಟರಿಗೆ ಹೋಗುತ್ತೆ, ನಾಳೆ ಟ್ಯಾಕ್ಸ್‌ನೋರ ಹತ್ರ ಹೋಗುತ್ತೆ, ನಾಡಿದ್ದು ಅವರು ನನ್ ಬಾಗ್ಲಿಗೆ ಬರ್ತಾರೆ."

ನನಗಿಂತ ಹೆಚ್ಚು ಅನುಮಾನದ ಮನುಷ್ಯನನ್ನು ನಾನು ನೋಡಿದ್ದು ಅವತ್ತೇ. ಒಳಗೊಳಗೆ ಗೌರವ ಹುಟ್ಟಿತು. ಆದರೂ ಬಿಡಲಿಲ್ಲ. ಅವರ ಹೆಂಡತಿಗೆ ಒಂದು ಬ್ಲೌಸ್ ಪುಕ್ಕಟೆ ಹೊಲಿದುಕೊಟ್ಟೆ. ಮಾರನೇ ದಿನ ಆರು ತಿಂಗಳ ಆರು ರಸೀತಿಗೆ ಸೈನ್ ಬಿತ್ತು.

ಎರಡೇ ದಿನಕ್ಕೆ ಅಕೌಂಟ್ಸಿನವರು ಅಷ್ಟನ್ನೂ ವಾಪಸ್ ಕಳಿಸಿದರು. ಬಿಡಿಸಿ ನೋಡಿದೆ. ಒಂದರಲ್ಲಿ ಕನ್ನಡ ಸೈನು, ಒಂದರಲ್ಲಿ ಇಂಗ್ಲಿಷು, ಒಂದರಲ್ಲಿ ಬರೀ ಗೆರೆ, ಒಂದರಲ್ಲಿ ಪೆನ್ನು ಬರೆಯುತ್ತದೋ ಇಲ್ಲವೋ ಎಂದು ನೋಡಿದ ಹಾಗೆ ಸುರುಳಿ. ಆರು ರಸೀತಿಗೆ ಆರು ಥರ. ಹಿಡಿದುಕೊಂಡು ಓನರ್ ಮನೆಗೆ ಓಡಿದೆ.

"ಇದೇನ್ ಅಂಕಲ್ ಇದು?"

"ಎಲ್ಲಾ ನಾನೇ ಹಾಕಿದ್ದು ಕಣಮ್ಮ. ಆಣೆ ಮಾಡ್ಲಾ?"

"ಆಣೆ ಬೇಡ ಅಂಕಲ್. ಆರಕ್ಕೂ ಒಂದೇ ಥರ ಹಾಕ್ಬಾರ್ದಿತ್ತಾ?"

ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಒಂದೇ ಥರ ಹಾಕಿದ್ರೆ ನಂದೇ ಅಂತ ಗೊತ್ತಾಗ್ಬಿಡಲ್ವಾ?"

ಸರಳ್

ಹಿಡಿದ ಟ್ಯಾಕ್ಸ್ ವಾಪಸ್ ಬೇಕಾದರೆ ಜುಲೈ ಒಳಗೆ ರಿಟರ್ನ್ಸ್ ಹಾಕಬೇಕು ಎಂದು ಅಕೌಂಟ್ಸಿನವರೇ ಹೇಳಿದರು. ಅಷ್ಟರಲ್ಲಿ ಓನರ್ ಹೆಂಡತಿ ಪಕ್ಕದಲ್ಲಿ ನಿಂತು ಒಂದೇ ಸೈನಿನ ಹೊಸ ರಸೀತಿಗಳನ್ನು ಹಾಕಿಸಿಕೊಟ್ಟಿದ್ದರು. ಅದನ್ನೆಲ್ಲ ಕಟ್ಟಿಕೊಂಡು ವಿಜಯನಗರದ ಒಂದು ಜೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬ ಏಜೆಂಟ್ ಕೂರುತ್ತಿದ್ದ. ರೇಷನ್ ಕಾರ್ಡ್, ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ರಿಟರ್ನ್ಸ್, ಎಲ್ಲಕ್ಕೂ ಅವನೇ. ನಮ್ಮವರ ಪ್ಯಾನ್ ಕಾರ್ಡನ್ನೂ ಅವನೇ ಮಾಡಿಸಿಕೊಟ್ಟಿದ್ದ.

ಆ ಪ್ಯಾನ್ ಕಾರ್ಡಿನ ದಿನವೂ ನಾನು ಜೊತೆಗಿದ್ದೆ. ನಮ್ಮವರ ಹೆಸರು ಎಸ್. ಶಿವಕುಮಾರ್. ಏಜೆಂಟ್ ಫಾರಂ ತುಂಬುತ್ತಾ, "ಸಾರ್, ಇದರಲ್ಲಿ ಇನಿಷಿಯಲ್ ಹಾಕೋ ಹಾಗಿಲ್ಲ, ಬಿಡಿಸಿ ಹೇಳ್ಬೇಕು. ಎಸ್ ಅಂದ್ರೆ?" ಎಂದು ಕೇಳಿದ.

"ನಮ್ಮ ತಂದೆಯವರ ಹೆಸರು. ಲೇಟ್ ಸಿದ್ದಪ್ಪ."

ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆದರೂ ಯಾರು ಕೇಳಿದರೂ ನಮ್ಮವರು ಅಪ್ಪನ ಹೆಸರಿನ ಮುಂದೆ ಲೇಟ್ ಸೇರಿಸದೆ ಹೇಳಿದ್ದಿಲ್ಲ. ಬರೀ ಸಿದ್ದಪ್ಪ ಅಂದರೆ ಅಪ್ಪನನ್ನು ಚಪ್ಪಲಿ ಇಲ್ಲದೆ ನಡೆಸಿದ ಹಾಗೆ ಅವರಿಗೆ. ಏಜೆಂಟ್ ತಲೆಯಾಡಿಸಿ ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ತುಂಬಿದ. ಕಾರ್ಡು ಬಂತು. ನಮ್ಮವರು ಫೋಟೋ ಚೆನ್ನಾಗಿ ಬಂದಿದೆಯಾ ಎಂದು ಮಾತ್ರ ನೋಡಿ ಪರ್ಸಿನಲ್ಲಿಟ್ಟುಕೊಂಡರು.

ಈಗ ರಿಟರ್ನ್ಸ್. ಆಗೆಲ್ಲ ಆ ಫಾರಂಗೆ ಸರಳ್ ಎಂದು ಹೆಸರಿತ್ತು. ಹಾಗೆ ಹೆಸರಿಟ್ಟವರು ಅದನ್ನು ತುಂಬಿ ನೋಡಿರಲಿಕ್ಕಿಲ್ಲ. ಏಜೆಂಟ್ ತುಂಬಿದ, ನಾನು ಅವನ ಭುಜದ ಮೇಲಿಂದ ಬಗ್ಗಿ ಪಾಸ್‌ಬುಕ್ಕಿನ ನಂಬರನ್ನು ಒಂದೊಂದಾಗಿ ಓದಿಸಿ ನೋಡಿದೆ. ಅಕೌಂಟ್ ನಂಬರಿನಲ್ಲಿ ಒಂದಂಕಿ ತಪ್ಪಿದರೆ ದುಡ್ಡು ಯಾರದೋ ಮನೆಗೆ ಹೋಗುತ್ತದೆ, ಆಮೇಲೆ ಅವರ ಮನೆಯಲ್ಲಿ ಹಬ್ಬ.

"ಮೇಡಂ, ಮನೆ ಲೋನ್ ಬಡ್ಡಿ ಇದೆ ಅಂತ ತೋರಿಸ್ಲಾ? ಜಾಸ್ತಿ ರೀಫಂಡ್ ಬರುತ್ತೆ," ಎಂದ ಮೆಲ್ಲಗೆ.

"ನಮಗೆ ಮನೆಯೇ ಇಲ್ವಲ್ಲಪ್ಪ!"

"ಅದೇನ್ ಅವರು ಬಂದು ನೋಡ್ತಾರಾ?"

"ನೋಡೋಕೆ ಬಂದ್ರೆ ನಿನ್ ಮನೆ ತೋರಿಸ್ತೀನಿ, ಪರವಾಗಿಲ್ವಾ?" ಎಂದೆ. ಅವನು ಆ ಚೌಕಕ್ಕೆ ಸೊನ್ನೆ ಹಾಕಿದ.

ಎದ್ದು ಬರುವಾಗ, "ಎಷ್ಟು ದಿನಕ್ಕೆ ಬರುತ್ತಪ್ಪ?" ಎಂದು ಕೇಳಿದೆ.

"ಮೂರೇ ತಿಂಗಳು ಮೇಡಂ. ಗ್ಯಾರಂಟಿ."

"ನಿನಗೆ ಮೂರು ತಿಂಗಳಿಗೇ ಬಂತಾ?"

"ನನಗಾ?" ಅವನು ನಕ್ಕ. "ನಾನು ರಿಟರ್ನ್ಸೇ ಹಾಕಲ್ಲ ಮೇಡಂ. ಯಾರಿಗೆ ಬೇಕು ಆ ತಾಪತ್ರಯ!"

ಕೆಂಪು ಇಂಕಿನ ರೀಫಂಡು

ಮೂರು ತಿಂಗಳು ಹೋಯಿತು, ಆರಾಯಿತು. ನಾನು ದಿನಾ ಸಂಜೆ ಬಾಗಿಲಲ್ಲೇ ನಿಂತು, "ರೀ, ರೀಫಂಡ್ ಬಂತಾ?" ಎಂದು ಕೇಳುತ್ತಿದ್ದೆ. ಕೇಳಿ ಕೇಳಿ ಮಗಳಿಗೂ ಬಾಯಿಪಾಠ ಆಯಿತು. ಹಾಲಿನವರು ಬಂದರೂ "ಈಫಂಡ್ ಬಂತಾ?", ಗ್ಯಾಸಿನವರು ಬಂದರೂ "ಈಫಂಡ್ ಬಂತಾ?" ತರಕಾರಿ ಗಾಡಿಯ ಅಜ್ಜ ಅದೊಂದು ಸೊಪ್ಪು ಇರಬೇಕು ಎಂದುಕೊಂಡು, "ಇಲ್ಲ ಪುಟ್ಟಿ, ನಾಳೆ ತರ್ತೀನಿ," ಎಂದ. ನಮಗೆ ನಾಳೆ ಎಂದು ಖಚಿತವಾಗಿ ಹೇಳಿದವನು ಅವನೊಬ್ಬನೇ.

ನನಗೆ ಮೆಲ್ಲಗೆ ಯಜಮಾನರ ಮೇಲೇ ಅನುಮಾನ ಶುರುವಾಯಿತು. ದುಡ್ಡು ಬಂದಿರಬೇಕು, ಅವರ ತಂಗಿಯ ಚೀಟಿ ಕಂತಿಗೆ ಹೋಗಿರಬೇಕು. ಅವರ ತಂಗಿ ಫೋನ್ ಮಾಡಿದಾಗಲೆಲ್ಲ ಇವರು ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದರು. ಸಿಗ್ನಲ್ ಸಿಗುವುದಿಲ್ಲ ಅಂತೆ. ನನ್ನ ತಂಗಿ ಫೋನ್ ಮಾಡಿದರೆ ಅದೇ ಕೋಣೆಯಲ್ಲಿ ಸಿಗ್ನಲ್ ಸಿಗುತ್ತಿತ್ತು.

ಒಂದು ಸೋಮವಾರ ಅವರ ಪ್ಯಾಂಟು ನೆನೆಹಾಕುವ ಮೊದಲು ಜೇಬಿಗೆ ಕೈಹಾಕಿದೆ. ಒಂದು ಚೀಟಿ ಸಿಕ್ಕಿತು. ಅದರ ಮೇಲೆ ಕೆಂಪು ಇಂಕಿನಲ್ಲಿ, ಇಂಗ್ಲಿಷಿನಲ್ಲಿ, "ರೀಫಂಡ್" ಎಂದು ಬರೆದು ಸೈನ್ ಮಾಡಿತ್ತು. ಎಸ್‌ಎಸ್‌ಎಲ್‌ಸಿವರೆಗೆ ಓದಿದ ಇಂಗ್ಲಿಷು ಅವತ್ತು ಸಾರ್ಥಕವಾಯಿತು.

ಸಂಜೆ ಅವರು ಬಂದರು. ಕಾಫಿ ಕೊಟ್ಟೆ. ಲೋಟದ ಪಕ್ಕದಲ್ಲಿ ಚೀಟಿ ಇಟ್ಟೆ. "ರೀಫಂಡ್ ಬಂದಿದೆ. ಮಷೀನ್ ಎಲ್ಲಿ?"

ಅವರ ಮುಖ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತು. "ಅದು... ಅದಲ್ಲ ಕಣೇ."

"ಮತ್ಯಾವುದು? ನಿಮ್ ತಂಗಿದಾ?"

ಚೀಟಿಯನ್ನು ತಿರುಗಿಸಿ ನೋಡಿದೆ. ಹಿಂದುಗಡೆ ಥಿಯೇಟರಿನ ಟಿಕೆಟ್ಟು. ಬಾಲ್ಕನಿ. ಶನಿವಾರದ ಮ್ಯಾಟಿನಿ. ಕರೆಂಟು ಹೋಗಿ ಆಟ ನಿಂತಿತ್ತಂತೆ. ಕೌಂಟರಿನಲ್ಲಿ ಚಿಲ್ಲರೆ ಇರಲಿಲ್ಲವಾದ್ದರಿಂದ ನಾಳೆ ಬಂದು ದುಡ್ಡು ತಗೊಳ್ಳಿ ಎಂದು ಬರೆದುಕೊಟ್ಟಿದ್ದರಂತೆ.

"ಶನಿವಾರ ಓವರ್‌ಟೈಮ್ ಅಂದಿದ್ರಿ!"

"ಓವರ್‌ಟೈಮೇ... ಬೇಗ ಮುಗೀತು."

ಒಳಗಿಂದ ಅತ್ತೆ ಮಗನ ಪರ ಬಂದರು. "ಹೋಗ್ಲಿ ಬಿಡೇ. ಪಾಪ, ಅವನೂ ಪೂರ್ತಿ ನೋಡ್ಲಿಲ್ವಲ್ಲ."

ಕಾಪಾಡಿದ ಪುಣ್ಯಾತ್ಗಿತ್ತಿ

ಗಂಡನ ಮೇಲಿನ ಅನುಮಾನ ಸುಳ್ಳಾದ ಮೇಲೆ ಅದನ್ನು ಎಲ್ಲಾದರೂ ಇಡಬೇಕಲ್ಲ? ಪೋಸ್ಟ್‌ಮ್ಯಾನ್ ಮೇಲೆ ಇಟ್ಟೆ. ರೀಫಂಡ್ ಚೆಕ್ಕು ರಿಜಿಸ್ಟರ್ ಪೋಸ್ಟಿನಲ್ಲಿ ಬರುತ್ತದೆ ಎಂದು ಏಜೆಂಟ್ ಹೇಳಿದ್ದ. ಆಯುಧಪೂಜೆಗೆ ಬೀದಿಯವರೆಲ್ಲ ಪೋಸ್ಟ್‌ಮ್ಯಾನ್‌ಗೆ ಇನಾಮು ಕೊಟ್ಟರು. ನಾನು ಬರೀ ಎರಡು ಬಾಳೆಹಣ್ಣು ಕೊಟ್ಟೆ. ಅವೂ ಕಪ್ಪಾಗಿದ್ದವು.

ಅದಾಗಿ ಕೆಲವು ವಾರಕ್ಕೆ ಬೀದಿಯ ಮಧ್ಯದಲ್ಲೇ ಅವರನ್ನು ತಡೆದೆ. "ಏನಣ್ಣ, ನಮ್ ಮನೆಗೆ ಬರೋ ಕಾಗದ ಯಾರಿಗ್ ಕೊಡ್ತಾ ಇದೀರಾ?"

ಅವರು ಸೈಕಲ್ ನಿಲ್ಲಿಸಿ ನನ್ನನ್ನೇ ನೋಡಿದರು. "ನಾನೇ ಕೇಳ್ಬೇಕು ಅಂತಿದ್ದೆ ಕಣಮ್ಮ. ನೀವು ಮನೆ ಖಾಲಿ ಮಾಡಿದ್ರಲ್ಲ, ಯಾವಾಗ್ ವಾಪಸ್ ಬಂದ್ರಿ?"

"ಖಾಲಿನಾ? ಯಾರು ಮಾಡಿದ್ದು?"

"ನೀವೇ. ಲಾರೀಲಿ ಸಾಮಾನು ಹೋಯ್ತಂತೆ. ಅದಕ್ಕೇ ಟ್ಯಾಕ್ಸ್ ಆಫೀಸಿನ ರಿಜಿಸ್ಟರ್ ಕವರನ್ನ ಮನೇಲಿ ಇಲ್ಲ ಅಂತ ಬರೆದು ವಾಪಸ್ ಕಳಿಸ್ದೆ."

ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೆ. "ಯಾರು ಹೇಳಿದ್ರು ನಿಮಗೆ?"

ಅವರು ಗದ್ದದಲ್ಲೇ ಪಕ್ಕದ ಮನೆ ತೋರಿಸಿದರು. ಪಕ್ಕದ ಮನೆ ಆಂಟಿ ಗೇಟಿನಲ್ಲೇ ನಿಂತಿದ್ದರು. ನನ್ನನ್ನು ನೋಡಿ ಹೆದರುವುದು ಹೋಗಲಿ, ದೊಡ್ಡ ಉಪಕಾರ ಮಾಡಿದವರ ಹಾಗೆ ನಕ್ಕರು.

"ಹೂಂ ಕಣೇ, ನಾನೇ ಹೇಳಿದ್ದು. ನೀವು ದೀಪಾವಳಿಗೆ ಕೆಂಗೇರಿಗೆ ನಿಮ್ಮಮ್ಮನ ಮನೆಗೆ ಹೋಗಿದ್ರಲ್ಲ, ಆವಾಗ ಕವರ್ ಬಂತು. ಇನ್‌ಕಮ್ ಟ್ಯಾಕ್ಸ್ ಅಂದ್ರು. ನನ್ನೆದೆ ಧಸಕ್ ಅಂತು. ಪಾಪ, ಪುಟ್ಟ ಮಗು ಇಟ್ಕೊಂಡಿರೋಳು, ರೈಡು ಗೀಡು ಆದ್ರೆ ಏನ್ ಗತಿ ಅಂತ, ಅವರು ಊರು ಬಿಟ್ಟು ಹೋದ್ರು, ಎಲ್ಲಿಗೋ ಗೊತ್ತಿಲ್ಲ ಅಂದ್ಬಿಟ್ಟೆ."

"ಆಂಟಿ, ಲಾರಿ?"

"ಈ ಅಣ್ಣ ನಂಬ್ಲಿಲ್ಲ ಕಣೇ. ಅದಕ್ಕೆ ಲಾರಿ ಸೇರಿಸ್ದೆ. ಯಾರಿಗೂ ಹೇಳ್ಬಾರ್ದು ಅಂತ ಹೊಟ್ಟೇಲೇ ಇಟ್ಕೊಂಡಿದ್ದೆ, ನಿನಗೂ ಹೇಳ್ಲಿಲ್ಲ ನೋಡು."

ಒಂಬತ್ತು ಸಾವಿರದ ಚೆಕ್ಕು ನಮ್ಮ ಗೇಟಿನವರೆಗೆ ಬಂದು, ಪಕ್ಕದ ಮನೆಯ ಪ್ರೀತಿಗೆ ಹೆದರಿ ವಾಪಸ್ ಹೋಗಿತ್ತು. ಪೋಸ್ಟ್‌ಮ್ಯಾನ್‌ಗೆ ಎರಡು ವರ್ಷದ ಇನಾಮು ಒಟ್ಟಿಗೆ ಕೊಟ್ಟು, ಕಾಗದ ಬಂದರೆ ನನ್ನ ಕೈಗೇ ಕೊಡಿ ಎಂದು ಕೇಳಿಕೊಂಡೆ. ಆಂಟಿಗೆ ಏನು ಅನ್ನುವುದು? ಅವರ ಬ್ಲೌಸ್ ಒಂದು ನನ್ನ ಹತ್ತಿರ ಹೊಲಿಗೆಗೆ ಇತ್ತು. ಆ ಸಲ ಅದು ಎರಡಿಂಚು ಬಿಗಿಯಾಯಿತು. ಅದು ನನ್ನ ಕಡೆಯಿಂದ ಆದ ರೈಡು.

ಮರ್ಯಾದೆ ಕೊಟ್ಟ ಆಫೀಸು

ವಾಪಸ್ ಹೋದ ಚೆಕ್ಕು ತಾನಾಗಿ ಮತ್ತೆ ಬರುವುದಿಲ್ಲ. ರಿಟರ್ನ್ಸ್ ಹಾಕಿದ್ದಕ್ಕೆ ಸೀಲ್ ಹೊಡೆದುಕೊಟ್ಟ ರಸೀತಿಯ ಜೆರಾಕ್ಸು, ಮನೆ ವಿಳಾಸಕ್ಕೆ ಏನಾದರೂ ಗುರುತು, ಒಂದು ಅರ್ಜಿ, ಇಷ್ಟನ್ನು ಟ್ಯಾಕ್ಸ್ ಆಫೀಸಿಗೆ ಕೊಡಬೇಕು. ಕೊಟ್ಟ ಮೇಲೆ ನಮ್ಮ ಕಾಪಿಗೂ ಸೀಲ್ ಹೊಡೆಸಿಕೊಳ್ಳಬೇಕು. ಇದನ್ನು ಜೆರಾಕ್ಸ್ ಅಂಗಡಿಯ ಏಜೆಂಟ್ ಹೇಳಲಿಲ್ಲ, ಅದಕ್ಕೆ ಬೇರೆ ಫೀಸು ಕೇಳಿದ. ಫ್ಯಾಕ್ಟರಿಯ ಅಕೌಂಟ್ಸಿನವರು ಪುಕ್ಕಟೆ ಹೇಳಿದರು.

ನಮ್ಮವರಿಗೆ ರಜೆ ಸಿಗಲಿಲ್ಲ. ಅರ್ಜಿಗೆ ಅವರ ಸೈನ್ ಹಾಕಿಸಿಕೊಂಡು, ಮಗಳನ್ನು ಎತ್ತಿಕೊಂಡು, ಎರಡು ಬಸ್ಸು ಬದಲಾಯಿಸಿ ನಾನೇ ಹೋದೆ. ಕೌಂಟರಿನಲ್ಲಿ ನಡುವಯಸ್ಸಿನ ಒಬ್ಬರಿದ್ದರು. ಅರ್ಜಿಯ ಜೊತೆ ನಮ್ಮ ರಸೀತಿಯನ್ನು ಕೊಟ್ಟೆ. ಅವರು ಅದನ್ನು ಬಗ್ಗಿಸಿ ನೋಡಿದರು. ಬಗ್ಗಲಿಲ್ಲ.

"ಇದೇನಮ್ಮ, ಲ್ಯಾಮಿನೇಷನ್ ಮಾಡ್ಸಿದೀರಾ?"

"ಹಾಳಾಗ್ಬಾರ್ದು ಅಂತ ಸಾರ್."

"ಸರಿ, ಇದರ ಜೆರಾಕ್ಸ್ ತಂದಿದೀರಾ?"

"ತಂದಿದೀನಿ ಸಾರ್." ಕೊಟ್ಟೆ. ಅದನ್ನೂ ಲ್ಯಾಮಿನೇಷನ್ ಮಾಡಿಸಿದ್ದೆ.

ಹೊರಗೆ ಹೋಗಿ ಬೇರೆ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಅವರು ಕಂಪ್ಯೂಟರಿನಲ್ಲಿ ಪ್ಯಾನ್ ನಂಬರ್ ಹೊಡೆದು ನೋಡಿದರು. ನೋಡಿದವರೇ ಚಶ್ಮಾ ತೆಗೆದರು. ದನಿ ಬದಲಾಯಿತು.

"ನೀವು ಇವರಿಗೆ ವಾರಸುದಾರರಾಮ್ಮ?"

"ಹೌದು ಸಾರ್, ಹೆಂಡತಿ."

"ಛೆ. ಇಷ್ಟು ಚಿಕ್ಕ ವಯಸ್ಸಿಗೆ," ಎಂದು ಮಗಳ ತಲೆ ಸವರಿದರು.

ಚಿಕ್ಕ ವಯಸ್ಸಿಗೆ ಮಗು ಎತ್ತಿಕೊಂಡು ಇಷ್ಟು ದೂರ ಬಂದಿದ್ದಕ್ಕೆ ಅಂದುಕೊಂಡೆ. "ಏನ್ ಮಾಡೋದು ಸಾರ್, ಅವರಿಂದ ಬರೋಕಾಗಲ್ಲ," ಎಂದೆ.

"ಗೊತ್ತಮ್ಮ, ಗೊತ್ತು," ಎಂದವರು ಎದ್ದು ತಮ್ಮ ಕುರ್ಚಿಯನ್ನೇ ನನ್ನ ಕಡೆ ತಳ್ಳಿದರು. ಅರ್ಜಿಗೆ ತಾವೇ ಗುಂಡುಪಿನ್ನು ಚುಚ್ಚಿದರು, ಸೀಲ್ ಹೊಡೆದರು, ಬೇಗ ಕಳಿಸುವ ಹಾಗೆ ನಾನೇ ಹೇಳುತ್ತೇನೆ ಎಂದರು. ಮಗಳಿಗೆ ಡ್ರಾಯರಿನಿಂದ ಚಾಕೊಲೇಟ್ ತೆಗೆದುಕೊಟ್ಟರು. ಅವಳು ಅದನ್ನು ಇಸಿದುಕೊಂಡು, "ಈಫಂಡ್ ಬಂತಾ?" ಎಂದಳು. ಅವರ ಕಣ್ಣಲ್ಲಿ ನೀರು ಬಂತು.

ಯಾವ ಆಫೀಸಿನಲ್ಲೂ ನನಗೆ ಇಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ. ಹೊರಗೆ ಬಂದವಳೇ ಮೊದಲು ಬ್ಯಾಗಿನಲ್ಲಿ ಪರ್ಸ್ ಇದೆಯಾ ಎಂದು ನೋಡಿಕೊಂಡೆ.

ನೀರು ಕೊಟ್ಟ ಬ್ಯಾಂಕು

ಅದಾಗಿ ಎರಡು ತಿಂಗಳಿಗೆ, ಒಂದು ಶನಿವಾರ ಬೆಳಿಗ್ಗೆ, ಪೋಸ್ಟ್‌ಮ್ಯಾನ್ ಗೇಟಿನಿಂದಲೇ ಕೂಗಿದರು. ಸೈನ್ ಹಾಕಿಸಿಕೊಂಡು ಕವರನ್ನು ನನ್ನ ಕೈಗೇ ಕೊಟ್ಟರು. ಒಡೆದರೆ ಚೆಕ್ಕು! ನಾನು ನೋಡಿದ್ದು ಅಂಕಿ ಮಾತ್ರ. ಇಷ್ಟು ದಿನ ಕಾದವಳಿಗೆ ಅಕ್ಷರ ಓದುವ ಪುರಸೊತ್ತು ಎಲ್ಲಿ? ಶನಿವಾರ ಬ್ಯಾಂಕು ಮಧ್ಯಾಹ್ನಕ್ಕೇ ಮುಚ್ಚುತ್ತದೆ. ನಮ್ಮವರನ್ನು ಎಬ್ಬಿಸಿ ಸ್ಕೂಟರ್ ತೆಗೆಸಿದೆ. ಅವರು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿರುವಾಗ ನಾನು ಮಗಳ ಕೈ ಹಿಡಿದು ಒಳಗೆ ನುಗ್ಗಿದೆ.

ಕೌಂಟರಿನ ಕ್ಲರ್ಕು ಚೆಕ್ಕು ನೋಡಿದರು. ನನ್ನನ್ನು ನೋಡಿದರು. ಮಗಳನ್ನು ನೋಡಿದರು. ಮುಖ ಸಣ್ಣದಾಯಿತು.

"ಕೂತ್ಕೊಳ್ಳಮ್ಮ. ನೀರು ಕುಡೀತೀರಾ?"

ಆ ಬ್ಯಾಂಕಿನಲ್ಲಿ ಪೆನ್ನನ್ನೂ ದಾರದಲ್ಲಿ ಕಟ್ಟಿ ಇಟ್ಟಿರುತ್ತಾರೆ. ಅಂಥವರು ನೀರು ಕೊಡುತ್ತೇವೆ ಎಂದರೆ ಏನೋ ಇದೆ ಎಂದು ನನಗೆ ಆಗಲೇ ಅನುಮಾನ ಬಂತು. ಆದರೂ ಕೂತೆ.

"ಯಾವಾಗಮ್ಮ ಇದು?"

"ಇವತ್ತು ಬೆಳಿಗ್ಗೆ ಸಾರ್."

ಅವರ ಪೆನ್ನು ಗಾಳಿಯಲ್ಲೇ ನಿಂತಿತು. "ಇವತ್ತು ಬೆಳಿಗ್ಗೆನಾ! ಇವತ್ತೇ ಬ್ಯಾಂಕಿಗೆ ಬಂದ್ಬಿಟ್ರಾ?"

"ಇನ್ನೇನ್ ಸಾರ್? ಮನೇಲಿ ಇಟ್ಕೊಂಡು ಏನ್ ಮಾಡ್ಲಿ? ಜಾಸ್ತಿ ದಿನ ಇಟ್ರೆ ಕೆಟ್ಟೋಗುತ್ತೆ ಅಂದ್ರು."

ರೀಫಂಡ್ ಚೆಕ್ಕಿಗೆ ಮೂರೇ ತಿಂಗಳು ಗಡುವು, ಅಷ್ಟರೊಳಗೆ ಹಾಕದಿದ್ದರೆ ಮತ್ತೆ ಅರ್ಜಿ ಕೊಡಬೇಕು ಎಂದು ಅಕೌಂಟ್ಸಿನವರು ಹೇಳಿದ್ದರು. ನಾನು ಹೇಳಿದ್ದು ಅದನ್ನು. ಪಕ್ಕದ ಕೌಂಟರಿನ ಮೇಡಂ ಎಣಿಸುತ್ತಿದ್ದ ನೋಟು ಬಿಟ್ಟು ಈ ಕಡೆ ತಿರುಗಿದರು.

"ಮನೇಲಿ ದೊಡ್ಡೋರು ಯಾರೂ ಇಲ್ವೇನಮ್ಮ?" ಎಂದರು ಕ್ಲರ್ಕು.

"ಅತ್ತೆ ಇದಾರೆ ಸಾರ್. ಅವರಿಗೂ ಒಂದು ದೊಡ್ಡ ಭಾರ ಇಳೀತು. ದೇವರಿಗೆ 'ಕೊನೆಗೂ ಕಣ್ಣು ಬಿಟ್ಯಲ್ಲಪ್ಪ' ಅಂತ ತುಪ್ಪದ ದೀಪ ಹಚ್ಚಿ, ಪಾಯಸಕ್ಕೆ ಇಟ್ಟಿದಾರೆ."

"ಪಾಯಸಾನಾ?"

"ಶಾವಿಗೆ ಪಾಯಸ ಸಾರ್. ಒಂದೂವರೆ ವರ್ಷದಿಂದ ಎಲ್ಲಾರೂ ಕಾಯ್ತಾ ಇದ್ವಿ. ಹೋದ ಸಲವೇ ಆಗ್ಬೇಕಿತ್ತು, ಗೇಟಿನವರೆಗೂ ಬಂದಿತ್ತು. ಪಕ್ಕದ ಮನೆ ಆಂಟಿ ಅಡ್ಡ ಬಂದು ತಪ್ಪಿಸಿಬಿಟ್ರು."

ಕ್ಲರ್ಕು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. "ಇನ್ಮುಂದೆ ನಿಮ್ ಜೀವನ ಹೇಗಮ್ಮ?"

"ಇನ್ಮುಂದೆ ಏನೂ ತೊಂದ್ರೆ ಇಲ್ಲ ಸಾರ್. ಈ ದುಡ್ಡಲ್ಲಿ ಜಿಗ್‌ಜಾಗ್ ಮಷೀನ್ ತಗೊಂಡು ಆರಾಮಾಗಿ ಇರ್ತೀನಿ."

ಅಷ್ಟರಲ್ಲಿ ನಮ್ಮವರು ಸ್ಕೂಟರ್ ಕೀ ತಿರುಗಿಸುತ್ತಾ ಒಳಗೆ ಬಂದರು. ಮಗಳು, "ಅಪ್ಪಾ!" ಎಂದು ಓಡಿ ಕಾಲು ತಬ್ಬಿಕೊಂಡಳು.

ಕ್ಲರ್ಕು ನನ್ನ ಕಡೆ ಬಗ್ಗಿದರು. "ಇವರು ಯಾರಮ್ಮ?"

"ನಮ್ಮನೆಯವ್ರು ಸಾರ್."

ಅವರು ಗೋಡೆಯ ಗಡಿಯಾರ ನೋಡಿದರು. "ಇಷ್ಟು ಬೇಗನಾ?"

"ಪಾರ್ಕಿಂಗ್ ಸಿಕ್ಕಿಬಿಡ್ತು ಅನ್ಸುತ್ತೆ," ಎಂದೆ.

ಪಕ್ಕದ ಕೌಂಟರಿನ ಮೇಡಂ ಎದ್ದು ನಿಂತರು. ಮ್ಯಾನೇಜರ್ ಕ್ಯಾಬಿನ್ನಿನಿಂದ ಹೊರಗೆ ಬಂದರು. ಕ್ಲರ್ಕು ಚೆಕ್ಕನ್ನು ನಮ್ಮ ಕಡೆ ತಿರುಗಿಸಿ ಹೆಸರು ತೋರಿಸಿದರು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು: ಲೇಟ್ ಸಿದ್ದಪ್ಪ ಶಿವಕುಮಾರ್.

"ಅಯ್ಯೋ, ಲೇಟ್ ಆಗಿರೋದು ನಮ್ ತಂದೆ ಸಾರ್," ಎಂದರು ನಮ್ಮವರು. "ನಾನು ಇಲ್ಲೇ ಇದೀನಿ."

"ಬ್ಯಾಂಕಲ್ಲಿ ಇದೀರಿ ಸಾರ್. ಚೆಕ್ಕಲ್ಲಿ ಹೋಗಿಬಿಟ್ಟಿದೀರಿ."

ಪರ್ಸಿನಿಂದ ಪ್ಯಾನ್ ಕಾರ್ಡ್ ತೆಗೆಸಿದೆ. ಅದರಲ್ಲೂ ಹಾಗೇ ಇತ್ತು. ನನ್ನ ಗಂಡ ಎರಡು ವರ್ಷದಿಂದ ತಾವೇ ತೀರಿಕೊಂಡ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ಅದರಲ್ಲಿ ಫೋಟೋ ಚೆನ್ನಾಗಿ ಬಂದಿದೆ ಎಂದು ಸಂತೋಷಪಡುತ್ತಿದ್ದರು. ಟ್ಯಾಕ್ಸ್ ಆಫೀಸಿನ ಪುಣ್ಯಾತ್ಮರು ನನಗೆ ಕುರ್ಚಿ ಕೊಟ್ಟಿದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು.

ಮ್ಯಾನೇಜರ್ ನಕ್ಕು ಮುಗಿಸಲು ಐದು ನಿಮಿಷ ಬೇಕಾಯಿತು. ಆಮೇಲೆ ಹೇಳಿದರು. "ನೋಡಿ, ಪ್ಯಾನ್ ಕಾರ್ಡಲ್ಲಿರೋ ಹೆಸರೂ ಪಾಸ್‌ಬುಕ್ಕಲ್ಲಿರೋ ಹೆಸರೂ ಒಂದೇ ಇರ್ಬೇಕು. ಇಲ್ದಿದ್ರೆ ರೀಫಂಡ್ ಬಂದ್ರೂ ಕೈಗೆ ಸಿಗಲ್ಲ. ಮೊದಲು ಪ್ಯಾನ್ ತಿದ್ದುಪಡಿಗೆ ಹಾಕಿ. ಈಗ ಇದಕ್ಕೆ, ಎರಡು ಹೆಸರೂ ಒಬ್ಬರದೇ ಅಂತ ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಸೈನ್ ಮಾಡ್ಸಿ ತನ್ನಿ."

ಸೋಮವಾರ ಬರೆಸಿದೆವು. ಟೈಪಿಸ್ಟ್ ಗಟ್ಟಿಯಾಗಿ ಓದಿದ: "ಲೇಟ್ ಸಿದ್ದಪ್ಪ ಶಿವಕುಮಾರ್ ಎಂಬುವರೂ ಎಸ್. ಶಿವಕುಮಾರ್ ಆದ ನಾನೂ ಒಬ್ಬನೇ ವ್ಯಕ್ತಿಯೆಂದೂ, ನಾನು ಬದುಕಿರುವುದು ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯವೆಂದೂ..." ಕೊನೆಯದನ್ನು ಅವನೇ ಸೇರಿಸಿದ್ದ. ಇರಲಿ ಎಂದು ಬಿಟ್ಟೆವು. ಅತ್ತೆಗೆ ವಿಷಯ ಗೊತ್ತಾಗಿ, ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು. ಲೇಟ್ ಆದವರೂ ಕೆಮ್ಮಿದರು.

ದುಡ್ಡು ಅಕೌಂಟಿಗೆ ಬಿದ್ದ ವಾರವೇ ಮಷೀನು ಬಂತು. ಗ್ಯಾರಂಟಿ ಕಾರ್ಡು ತುಂಬಲು ನಮ್ಮವರು ಪೆನ್ನು ತೆಗೆದರು. ನಾನು ಕಿತ್ತುಕೊಂಡು ನನ್ನ ಹೆಸರು ಬರೆದೆ.

ಮೊದಲ ಗಿರಾಕಿ ಯಾರು ಅನ್ನುತ್ತೀರಿ? ಬ್ಯಾಂಕಿನ ಪಕ್ಕದ ಕೌಂಟರಿನ ಮೇಡಂ. ನನ್ನ ಮಷೀನಿನ ಮಾತು ಅವತ್ತು ಕಿವಿಗೆ ಬಿದ್ದಿತ್ತಲ್ಲ, ಫಾಲ್ ಮತ್ತು ಜಿಗ್‌ಜಾಗಿಗೆ ನಾಲ್ಕು ಸೀರೆ ಹಿಡಿದುಕೊಂಡು ಮನೆ ಹುಡುಕಿಕೊಂಡು ಬಂದಿದ್ದರು. ಸೀರೆ ಎಣಿಸಿಕೊಟ್ಟು, ಎಲ್ಲ ಗಿರಾಕಿಗಳೂ ಎಲ್ಲ ಟೈಲರ್‌ಗಳಿಗೂ ಕೇಳುವುದನ್ನೇ ಕೇಳಿದರು.

"ಶುಕ್ರವಾರಕ್ಕೆ ಬೇಕಮ್ಮ. ಲೇಟ್ ಆಗಲ್ಲ ತಾನೆ?"

"ನಮ್ಮನೇಲಿ ಲೇಟ್ ಆಗಿರೋರು ಒಬ್ರೇ ಮೇಡಂ," ಎಂದೆ. "ಅವರು ಒಳಗೆ ಮುದ್ದೆ ಊಟ ಮಾಡ್ತಾ ಇದಾರೆ."